ಕಣ್ಣು ಮುಚ್ಚಿದ್ದೆ, ಪ್ರಾರ್ಥನೆ ಮಾಡ್ತಿರ್ಲಿಲ್ಲ

ಅಮ್ಮನಿಗೆ ಆಪರೇಷನ್ ಆಗಿ ಐಸಿಯುನಲ್ಲಿದ್ದ ಮೂರನೇ ರಾತ್ರಿ ಅದು. ಹೊರಗಡೆ ಸಾಲಾಗಿ ಹಾಕಿರೋ ಕಬ್ಬಿಣದ ಕುರ್ಚಿಯಲ್ಲಿ ಕೂತು ಮೊಬೈಲಲ್ಲಿ ಬೈಬಲಿನ 121ನೇ ಕೀರ್ತನೆ ತೆಗೆದಿಟ್ಕೊಂಡಿದ್ದೆ, ಅದ್ರಲ್ಲಿರೋದು ಎಂಟೇ ಎಂಟು ವಚನ, ಅದನ್ನೇ ಎಷ್ಟು ಸಲ ಓದಿದೀನೋ ಲೆಕ್ಕ ಇಲ್ಲ. ನಿನ್ನನ್ನ ಕಾಯೋನು ತೂಕಡಿಸಲ್ಲ, ನಿದ್ದೆ ಮಾಡಲ್ಲ ಅನ್ನೋ ಮಾತು ಹಗಲು ಹೊತ್ತಲ್ಲಿ ಓದೋದು ಬೇರೆ, ರಾತ್ರಿ ಎರಡು ಗಂಟೆಗೆ ಆ ಬಾಗಿಲು ನೋಡ್ಕೊಂಡು ಓದೋದೇ ಬೇರೆ.

ಒಬ್ರು ವಯಸ್ಸಾದವರು, ಅರವತ್ತು ದಾಟಿರ್ಬಹುದು, ಒಬ್ಬೊಬ್ಬರ ಹತ್ರಾನೂ ಹೋಗಿ ಚಾರ್ಜರ್ ಇದ್ಯಾ ಅಂತ ಕೇಳ್ಕೊಂಡು ಬರ್ತಿದ್ರು. ಫೋನ್ ಆಫ್ ಆಗಿದೆ, ಗಾಬ್ರೀಲಿ ಮನೆಯಿಂದ ಹಾಗೇ ಓಡಿ ಬಂದಿದೀನಿ, ಮಗನಿಗೆ ವಿಷಯ ಹೇಳ್ಬೇಕಿತ್ತು ಅಂತಿದ್ರು. ನನ್ನ ಬ್ಯಾಗಲ್ಲಿ ಚಾರ್ಜರ್ ಇತ್ತು. ಅವ್ರು ನನ್ನ ಕಡೆ ಬರ್ತಿರೋದು ಕಾಣಿಸ್ತು. ನಾನು ತಲೆ ತಗ್ಗಿಸಿ ಕಣ್ಣು ಮುಚ್ಕೊಂಡ್ಬಿಟ್ಟೆ.

ಯಾಕೆ ಅಂತ ಆಮೇಲೆ ತುಂಬಾ ಸಲ ಕೇಳ್ಕೊಂಡಿದೀನಿ. ಚಾರ್ಜರ್ ಕೊಟ್ರೆ ಪಕ್ಕದಲ್ಲೇ ಕೂತ್ಕೋತಾರೆ, ಕೂತ್ರೆ ಮಾತಾಡ್ತಾರೆ, ಒಳಗೆ ಯಾರಿದ್ದಾರೆ ಏನಾಗಿದೆ ಡಾಕ್ಟರ್ ಏನಂದ್ರು ಎಲ್ಲಾ ಹೇಳ್ತಾರೆ, ನನ್ನ ಭಯಾನೇ ನನಗೆ ಹೊರೋಕಾಗ್ತಿಲ್ಲ, ಇನ್ನೊಬ್ಬರ ಭಯ ಎಲ್ಲಿಡ್ಲಿ ಅನ್ನಿಸ್ತು. ಇಷ್ಟೂ ಯೋಚನೆ ಬಂದಿದ್ದು ಒಂದೆರಡು ಸೆಕೆಂಡಲ್ಲಿ. ಅವ್ರು ನನ್ನ ಮುಂದೆ ಬಂದು ನಿಂತ್ರು, ಚಪ್ಪಲಿ ಸದ್ದು ನಿಂತಿದ್ದು ಕೇಳಿಸ್ತು. ಆಮೇಲೆ ಪಕ್ಕದಲ್ಲಿದ್ದವರಿಗೆ ಮೆಲ್ಲಗೆ ಹೇಳಿದ್ರು, "ಪಾಪ, ಪ್ರಾರ್ಥನೆ ಮಾಡ್ತಿದಾರೆ, ಬೇಡ ಬಿಡಿ."

ಹಾಗೆ ಹೇಳಿ ಮುಂದೆ ಹೋದ್ರು.

ಆ ಮೂಲೇಲಿ ನೆಲದ ಮೇಲೆ ಬೆಡ್‌ಶೀಟ್ ಹಾಸ್ಕೊಂಡು ಮಲಗಿದ್ದ ಒಬ್ಬ ಹೆಂಗಸು ಎದ್ರು. ಅವ್ರ ಹತ್ರ ಆ ಫೋನಿಗೆ ಆಗೋ ಚಾರ್ಜರ್ ಇರ್ಲಿಲ್ಲ, ಆದ್ರೆ ತಮ್ಮ ಫೋನ್ ಕೊಟ್ಟು ನಂಬರ್ ಹೇಳಿ ಅಣ್ಣಾ ನಾನೇ ಒತ್ತಿಕೊಡ್ತೀನಿ ಅಂದ್ರು. ಅವರಿಗೆ ನಂಬರ್ ಪೂರ್ತಿ ನೆನಪಿಗೆ ಬರ್ಲಿಲ್ಲ, ನಾಲ್ಕೈದು ಸಲ ತಪ್ಪು ಹೇಳಿದ್ರು, ಆಕೆ ಒಂದು ಸಲಾನೂ ಬೇಜಾರು ಮಾಡ್ಕೊಳ್ದೆ ಮತ್ತೆ ಮತ್ತೆ ಒತ್ತಿದ್ರು. ಕೊನೆಗೆ ಮಗ ಸಿಕ್ಕ, ಇವರಿಗೆ ಮಾತು ಬರದೆ ಅಳು ಬಂತು, ಮಗನಿಗೂ ಆಕೇನೇ ವಿಷಯ ಹೇಳಿದ್ರು. ಇದೆಲ್ಲಾ ನಾನು ಕಣ್ಣು ಮುಚ್ಕೊಂಡೇ ಕೇಳಿಸ್ಕೊಂಡೆ. ಆಗ ತೆಗೆಯೋಕೂ ಆಗ್ಲಿಲ್ಲ.

ಅಮ್ಮ ಹುಷಾರಾದ್ರು, ದೇವರಿಗೆ ಸ್ತೋತ್ರ, ಮನೆಗೂ ಬಂದ್ವಿ. ಆದ್ರೆ "ಪ್ರಾರ್ಥನೆ ಮಾಡ್ತಿದಾರೆ" ಅನ್ನೋ ಆ ಮಾತು ಮಾತ್ರ ನನ್ನ ಬಿಡ್ಲಿಲ್ಲ. ಬೈದಿದ್ರೆ ಮರೀತಿದ್ದೆ. ಅವ್ರು ನನಗೆ ಗೌರವ ಕೊಟ್ಟು ಹೋದ್ರು, ಅದನ್ನ ಮರೆಯೋಕೆ ಆಗ್ತಿಲ್ಲ.

ಆಮೇಲೆ ಲೂಕನ ಸುವಾರ್ತೆ 10ನೇ ಅಧ್ಯಾಯ ತೆಗೆದು ಕೂತೆ. ಒಳ್ಳೇ ಸಮಾರ್ಯದವನ ಕಥೆ, ಕಳ್ಳರು ಹೊಡೆದು ದಾರೀಲಿ ಬಿಟ್ಟುಹೋದ ಒಬ್ಬನನ್ನ ಸಮಾರ್ಯ ಅನ್ನೋ ಸೀಮೆಯವನು ಕಾಪಾಡೋದು, ಸಂಡೇ ಸ್ಕೂಲಲ್ಲಿ ಕೇಳಿ ಕೇಳಿ ಬಾಯಿಪಾಠ ಆಗಿರೋದು, ಹಾಗಾಗಿನೇ ಏನೋ ಎಷ್ಟೋ ವರ್ಷದಿಂದ ಅದನ್ನ ಸರಿಯಾಗಿ ಓದೇ ಇರ್ಲಿಲ್ಲ. ಯೆರೂಸಲೇಮಿಂದ ಯೆರಿಕೋಗೆ ಹೋಗೋ ದಾರಿ ಅದು, ಸುಮಾರು 27 ಕಿಲೋಮೀಟರ್, ಯೆರೂಸಲೇಮ್ ಬೆಟ್ಟದ ಮೇಲಿದೆ, ಯೆರಿಕೋ ಸಮುದ್ರ ಮಟ್ಟಕ್ಕಿಂತಲೂ ಕೆಳಗಿದೆ, ಅಂದ್ರೆ ಆ ದಾರೀಲಿ ಹತ್ರ ಹತ್ರ 1000 ಮೀಟರ್ ಇಳೀಬೇಕು. ಬಂಡೆ, ಕೊರಕಲು, ಕಳ್ಳರು ಅಡಗೋಕೆ ಹೇಳಿ ಮಾಡಿಸಿದ ಜಾಗ. ಬಿದ್ದಿದ್ದವನನ್ನ ಯಾಜಕ, ಅಂದ್ರೆ ದೇವಾಲಯದ ಪೂಜಾರಿ, ನೋಡಿ ಪಕ್ಕಕ್ಕೆ ಸರಿದು ಹೋದ, ಸತ್ತಿದ್ರೆ ಮುಟ್ಟಿ ಮೈಲಿಗೆ ಆಗ್ಬಾರ್ದು ಅಂತ ಹಾಗೆ ಹೋದ ಅಂತ ಎಷ್ಟೋ ಪ್ರಸಂಗಗಳಲ್ಲಿ ಕೇಳಿದೀನಿ. ಆದ್ರೆ ವಾಕ್ಯದಲ್ಲಿ ಅವನು ಆ ದಾರೀಲಿ "ಇಳಿದು" ಹೋಗ್ತಿದ್ದ ಅಂತಿದೆ. ಅಂದ್ರೆ ದೇವಾಲಯ ಅವನ ಬೆನ್ನ ಹಿಂದೆ ಇತ್ತು, ಅವನು ಸೇವೆಗೆ ಹೋಗ್ತಿರ್ಲಿಲ್ಲ, ಆ ಕಡೆಯಿಂದ ಬರ್ತಿದ್ದ. ನಾನು ಇದನ್ನ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಪೂಜೆ ಆರಾಧನೆಗೆ ಅಡ್ಡಿ ಆಗತ್ತೆ ಅಂತ ಹೇಳ್ಕೊಳ್ಳೋ ನೆಪಾನೂ ಅವನಿಗೆ ಇರ್ಲಿಲ್ಲ. ನನಗೂ ಇರ್ಲಿಲ್ಲ, ಕೀರ್ತನೆ ಓದಿ ಆಗಿತ್ತು.

ಇನ್ನೊಂದು ಗಮನಿಸಿದ್ದು, ಅದ್ರ ಹಿಂದಿನ ಅಧ್ಯಾಯ, 9ನೇದು. ಅಲ್ಲಿ ಯೇಸುಸ್ವಾಮಿ ಯೆರೂಸಲೇಮಿಗೆ ಹೊರಟಿರ್ತಾರೆ, ದಾರೀಲಿ ಯೆಹೂದ್ಯರ ಜೊತೆ ಹಗೆ ಇದ್ದ ಸಮಾರ್ಯದವರ ಒಂದು ಹಳ್ಳಿ ಅವರಿಗೆ ಇಳ್ಕೊಳ್ಳೋಕೆ ಜಾಗಾನೇ ಕೊಡಲ್ಲ. ಶಿಷ್ಯರಾದ ಯಾಕೋಬ ಯೋಹಾನ ಇಬ್ರಿಗೂ ಸಿಟ್ಟು ಬಂದು ಆಕಾಶದಿಂದ ಬೆಂಕಿ ಬೀಳಿಸೋಣ್ವಾ ಅಂತಾರೆ, ಸ್ವಾಮಿ ಅವರನ್ನೇ ಗದರಿಸ್ತಾರೆ. ಅದಾಗಿ ಒಂದೇ ಅಧ್ಯಾಯ ಮುಂದೆ ಬಂದ್ರೆ, ತನಗೆ ಬಾಗಿಲು ಹಾಕಿದ ಅದೇ ಜನರೊಳಗಿನ ಒಬ್ಬನನ್ನ ಕಥೆಯಲ್ಲಿ ಎಲ್ಲರಿಗಿಂತ ದೊಡ್ಡವನನ್ನಾಗಿ ನಿಲ್ಲಿಸ್ತಾರೆ. ನನ್ನನ್ನ ಒಂದು ಸಲ ಮನೆಯೊಳಗೆ ಸೇರಿಸ್ದೆ ಇದ್ದವರ ಬಗ್ಗೆ ನಾನು ಎಷ್ಟು ವರ್ಷ ಒಳ್ಳೇ ಮಾತಾಡದೆ ಇದ್ದೀನಿ ಅಂತ ನನಗೆ ಗೊತ್ತು.

ಬಿದ್ದಿದ್ದವನ ಬಗ್ಗೆನೂ ಹೇಳ್ಬೇಕು. ಅವನ ಬಟ್ಟೆ ಕಿತ್ಕೊಂಡಿದ್ರು, ಅರೆಜೀವ ಆಗಿದ್ದ. ಬಟ್ಟೆ ಇಲ್ಲ, ಮಾತಿಲ್ಲ, ಹಾಗಾದ್ರೆ ಯಾವ ಕಡೆಯವನು, ಯಾವ ಪಂಗಡ, ನಮ್ಮೋನಾ ಅಲ್ವಾ ಅಂತ ತಿಳ್ಕೊಳ್ಳೋ ದಾರೀನೇ ಇಲ್ಲ. ಒಬ್ಬ ಮನುಷ್ಯ ಅಷ್ಟೇ. ಸಮಾರ್ಯದವನು ಎಣ್ಣೆ ದ್ರಾಕ್ಷಾರಸ ಹಾಕಿ ಗಾಯ ಕಟ್ಟೋ ಮುಂಚೆ ಯಾವ ಪ್ರಶ್ನೆನೂ ಕೇಳ್ಲಿಲ್ಲ, ಕಟ್ಟಿದ ಮೇಲೂ ಕೇಳ್ಲಿಲ್ಲ. ಸಹಾಯ ಮಾಡಿ ಅದ್ರ ಹಿಂದೇನೇ ನಮ್ಮ ಸಭೆಗೆ ಬನ್ನಿ ಅಂತ ಹೇಳೋದನ್ನ ನಾನು ನೋಡಿದೀನಿ, ಅದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ. ನಂಬಿಕೆ ಬಗ್ಗೆ ಯಾರಾದ್ರೂ ಕೇಳಿದ್ರೆ ಸಂತೋಷವಾಗಿ ಹೇಳ್ತೀನಿ, ಆದ್ರೆ ನೋವಲ್ಲಿರೋರಿಗೆ ಕೊಡೋ ನೀರಿಗೆ ಷರತ್ತು ಇರ್ಬಾರ್ದು.

ಅವನನ್ನ ನೋಡಿ ಕನಿಕರಪಟ್ಟ ಅನ್ನೋ ಜಾಗದಲ್ಲಿ ಮೂಲ ಗ್ರೀಕಲ್ಲಿ ಇರೋ ಪದ ಕರುಳಿಗೆ ಸಂಬಂಧಪಟ್ಟಿದ್ದು. ಇದನ್ನ ಬೇರೆ ಭಾಷೆಯವರಿಗೆ ಬಿಡಿಸಿ ಹೇಳ್ಬೇಕೇನೋ, ಕನ್ನಡದವರಿಗೆ ಬೇಕಿಲ್ಲ, ಕರುಳು ಚುರುಕ್ ಅಂತು ಅಂದ್ರೆ ಸಾಕು ನಮಗೆ ಗೊತ್ತಾಗತ್ತೆ. ಇದೇ ಪದಾನ ಲೂಕ ಇನ್ನೆರಡು ಕಡೆ ಬಳಸ್ತಾನೆ, ಒಂದು ನಾಯಿನ್ ಊರಿನ ವಿಧವೆ ಒಬ್ಬನೇ ಮಗನನ್ನ ಮಣ್ಣು ಮಾಡೋಕೆ ಹೋಗ್ತಿದ್ದಾಗ ಆಕೇನ ನೋಡಿದ ಯೇಸುಸ್ವಾಮಿಗೆ, ಇನ್ನೊಂದು ದಾರಿ ತಪ್ಪಿದ ಮಗ ದೂರದಲ್ಲಿ ಬರ್ತಿರೋದು ಕಂಡ ಅಪ್ಪನಿಗೆ. ಅಂದ್ರೆ ದೇವರಿಗೆ ನಮ್ಮ ಬಗ್ಗೆ ಆಗೋದೇ ಆ ದಾರಿಹೋಕನಿಗೂ ಆಯ್ತು. ಮೂರು ಕಡೆನೂ ಮೊದಲು "ನೋಡಿ" ಅನ್ನೋ ಮಾತು ಬರತ್ತೆ. ನೋಡಿದ ಮೇಲೇನೇ ಕರುಳು ಅಲುಗಾಡೋದು. ಅದಕ್ಕೇ ಇರ್ಬೇಕು ಆ ರಾತ್ರಿ ನಾನು ಕಣ್ಣು ಮುಚ್ಕೊಂಡಿದ್ದು, ನೋಡಿದ್ರೆ ಸುಮ್ನಿರೋಕೆ ಆಗಲ್ಲ ಅಂತ ಒಳಗೆ ಗೊತ್ತಿತ್ತು.

ಈಗ ಶಕ್ತಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನನ್ನ ನೆಪ ಅದೇ ಅಲ್ವಾ, ನನ್ನ ಹತ್ರ ಏನೂ ಉಳಿದಿಲ್ಲ ಅನ್ನೋದು. ಅದು ಸುಳ್ಳು ನೆಪ ಅಲ್ಲ. ಮೂರು ದಿನ ನಿದ್ದೆ ಇಲ್ದೆ ಇದ್ದೋರು ಸುಸ್ತಾಗೇ ಇರ್ತಾರೆ. ಬೈಬಲ್ ಕೂಡ ಸುಸ್ತಾದವರನ್ನ ಬೈಯಲ್ಲ. ಮೊದಲನೇ ಅರಸುಗಳು 19ರಲ್ಲಿ ಎಲೀಯ ಪ್ರವಾದಿ ಒಂದು ಗಿಡದ ಕೆಳಗೆ ಕೂತು ಸಾಕಪ್ಪಾ ದೇವರೇ, ನನ್ನ ಪ್ರಾಣ ತಗೋ ಅಂತಾನೆ. ದೇವದೂತ ಬಂದು ಅವನಿಗೆ ಉಪದೇಶ ಮಾಡಲ್ಲ, ಮುಟ್ಟಿ ಎಬ್ಬಿಸಿ ಊಟ ಕೊಡ್ತಾನೆ, ಎಲೀಯ ತಿಂದು ಮತ್ತೆ ಮಲಗ್ತಾನೆ, ದೂತ ಎರಡನೇ ಸಲ ಬಂದು ಮತ್ತೆ ಎಬ್ಬಿಸ್ತಾನೆ, ಊಟ ಮಾಡು, ನಿನ್ನ ಕೈಲಿ ಆಗದಷ್ಟು ದೂರ ಇದೆ ದಾರಿ ಅಂತಾನೆ. ನಂಬಿಕೆ ಕಡಿಮೆ ಆಯ್ತು ನಿಂಗೆ ಅಂತ ಒಂದು ಮಾತೂ ಇಲ್ಲ. ಎಷ್ಟೋ ಸಲ ನಾವು ಕುಗ್ಗಿದವರಿಗೆ ವಚನ ಕಳಿಸ್ತೀವಿ, ಊಟ ಆಯ್ತಾ ಅಂತ ಕೇಳಲ್ಲ.

ಸಮಾರ್ಯದವನೂ ಎಲ್ಲಾ ತಾನೇ ಮಾಡ್ಲಿಲ್ಲ ಅನ್ನೋದು ನನಗೆ ಈ ಸಲ ಓದಿದಾಗ ಸಿಕ್ಕ ದೊಡ್ಡ ಸಮಾಧಾನ. ಅವನು ಒಂದು ರಾತ್ರಿ ನೋಡ್ಕೊಂಡ, ಮಾರನೇ ದಿನ ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟ. ಒಂದು ದಿನಾರಿ ಅಂದ್ರೆ ಆಗ ಒಬ್ಬ ಕೂಲಿಯವನ ಒಂದು ದಿನದ ಸಂಬಳ, ಮತ್ತಾಯ 20ರಲ್ಲಿ ದ್ರಾಕ್ಷಿತೋಟದ ಕೆಲಸದವರಿಗೆ ಸಿಗೋದು ಅಷ್ಟೇ. ಎರಡು ದಿನದ ಕೂಲಿ ಕೊಟ್ಟು, ಹೆಚ್ಚಿಗೆ ಖರ್ಚಾದ್ರೆ ವಾಪಸ್ ಬರುವಾಗ ಕೊಡ್ತೀನಿ ಅಂತ ಹೇಳಿ ತನ್ನ ದಾರಿ ಹಿಡಿದ. ಅವನಿಗೂ ಕೆಲಸ ಇತ್ತು, ಎಲ್ಲೋ ಹೋಗ್ಬೇಕಿತ್ತು. ಉಳಿದಿದ್ದು ಛತ್ರದವನು ಮಾಡಿದ, ಅವನ ಹೆಸರೂ ನಮಗೆ ಗೊತ್ತಿಲ್ಲ. ಅಪರಿಚಿತರಿಗೆ ಕನಿಕರ ತೋರಿಸೋದು ಅಂದ್ರೆ ಅವರ ಇಡೀ ಜೀವನಾನ ಹೆಗಲ ಮೇಲೆ ಹಾಕ್ಕೊಳ್ಳೋದು ಅಂತ ನಾನು ಅಂದ್ಕೊಂಡಿದ್ದೆ, ಅದಕ್ಕೇ ಭಯ. ಆ ರಾತ್ರಿ ನನ್ನಿಂದ ಬೇಕಿದ್ದಿದ್ದು ಒಂದು ಚಾರ್ಜರ್. (ಯಾರು ಏನು ಕೇಳಿದ್ರೂ ಕೊಟ್ಬಿಡಿ ಅಂತ ಹೇಳ್ತಿಲ್ಲ, ಮೋಸ ಮಾಡೋರೂ ಇದ್ದಾರೆ, ಒಬ್ಬಂಟಿಯಾಗಿದ್ದಾಗ ಹುಷಾರಾಗಿರ್ಬೇಕು. ಸರ್ಪದ ಹಾಗೆ ಜಾಣರಾಗಿ, ಪಾರಿವಾಳದ ಹಾಗೆ ನಿಷ್ಕಪಟಿಗಳಾಗಿರಿ ಅಂತ ಸ್ವಾಮೀನೇ ಹೇಳಿದಾರಲ್ಲ.)

ಹಳೇ ಕಾಲದ ಕ್ರೈಸ್ತರು ಇದನ್ನ ಹೇಗೆ ಬದುಕಿದ್ರು ಅಂತ ಓದ್ತಾ ಹೋದಾಗ ಒಂದು ವಿಷಯ ಸಿಕ್ತು. ಕ್ರಿ.ಶ. 361ರಿಂದ 363ರವರೆಗೆ ಜೂಲಿಯನ್ ಅಂತ ರೋಮನ್ ಚಕ್ರವರ್ತಿ ಇದ್ದ, ಕ್ರೈಸ್ತನಾಗಿ ಬೆಳೆದು ಆಮೇಲೆ ಹಳೇ ದೇವತೆಗಳ ಕಡೆಗೆ ಹೋದವನು. ಅವನು ತನ್ನ ಕಡೆಯ ಒಬ್ಬ ಮುಖ್ಯ ಪೂಜಾರಿಗೆ ಬರೆದ ಪತ್ರದಲ್ಲಿ ಬೇಜಾರಿಂದ ಹೇಳ್ತಾನೆ, ಈ ಗಲಿಲಾಯದವರು (ಕ್ರೈಸ್ತರನ್ನ ಅವನು ಕರೀತಿದ್ದಿದ್ದು ಹಾಗೆ) ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ನೋಡ್ಕೋತಿದಾರೆ, ನಾವು ನಮ್ಮವರಿಗೆ ಏನೂ ಮಾಡ್ತಿಲ್ಲ ಅಂತ. ನಮ್ಮನ್ನ ಇಷ್ಟಪಡದೆ ಇರೋ ಒಬ್ಬ ಇವತ್ತು ನಮ್ಮ ಬಗ್ಗೆ ಪತ್ರ ಬರೆದ್ರೆ ಇದೇ ದೂರು ಹೇಳ್ತಾನಾ? ಭಾನುವಾರ ಆರಾಧನೆ ಮುಗಿದ ಮೇಲೆ ನಾವು ಗೊತ್ತಿರೋರ ಜೊತೆ ಗುಂಪು ಕಟ್ಕೊಂಡು ನಗ್ತಾ ಮಾತಾಡ್ತಿರ್ತೀವಿ, ಕೊನೇ ಸಾಲಲ್ಲಿ ಹೊಸಬರು ಒಬ್ಬರೇ ಎದ್ದು ಹೊರಗೆ ಹೋಗ್ತಿರ್ತಾರೆ. ಈಗೀಗ ನನ್ನ ಕಣ್ಣು ಅಲ್ಲಿಗೇ ಹೋಗತ್ತೆ.

ಇನ್ನೊಂದು ನನಗೆ ತುಂಬಾ ಉಪಯೋಗಕ್ಕೆ ಬಂದಿದ್ದು. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠದವರಿಗೆ ಬರೆದಿಟ್ಟ ನಿಯಮದಲ್ಲಿ 53ನೇ ಅಧ್ಯಾಯ ಅತಿಥಿಗಳ ಬಗ್ಗೆ, ಬರೋ ಅತಿಥಿಗಳನ್ನೆಲ್ಲ ಕ್ರಿಸ್ತನನ್ನೇ ಬರಮಾಡ್ಕೊಂಡ ಹಾಗೆ ಬರಮಾಡ್ಕೊಳ್ಳಿ ಅಂತ. ಅದನ್ನ ತುಂಬಾ ಜನ ಕೇಳಿರ್ತಾರೆ. ನನಗೆ ಹಿಡಿಸಿದ್ದು 66ನೇದು, ಬಾಗಿಲು ಕಾಯೋನ ಬಗ್ಗೆ. ವಯಸ್ಸಾದ, ಬುದ್ಧಿ ಇರೋ ಒಬ್ಬರನ್ನ ಬಾಗಿಲ ಹತ್ರ ಇಡ್ಬೇಕಂತೆ, ಯಾರೇ ತಟ್ಟಲಿ, ಯಾವ ಬಡವನೇ ಕೂಗಲಿ, ಅವ್ರು ಬಾಯಿಬಿಟ್ಟು ಮೊದಲು ಹೇಳ್ಬೇಕಾದ ಮಾತು "ದೇವರಿಗೆ ಸ್ತೋತ್ರ." ಯಾರು ಅಂತ ನೋಡಿದ ಮೇಲಲ್ಲ, ಯಾಕೆ ಬಂದ್ರು ಅಂತ ತಿಳಿದ ಮೇಲೂ ಅಲ್ಲ, ತಟ್ಟಿದ ಕೂಡ್ಲೇ.

ನಾನು ಇದನ್ನ ಮಾಡೋಕೆ ಶುರು ಮಾಡಿದೀನಿ. ಗೊತ್ತಿಲ್ಲದ ನಂಬರಿಂದ ಫೋನ್ ಬಂದ್ರೆ, ಕೆಲಸದ ಮಧ್ಯೆ ಯಾರಾದ್ರೂ ಒಂದ್ನಿಮಿಷ ಅಂತ ಬಂದು ನಿಂತ್ರೆ, ಸಿಡುಕು ಬರೋಕೆ ಮುಂಚೆ ಮನಸ್ಸಲ್ಲೇ ದೇವರಿಗೆ ಸ್ತೋತ್ರ ಅಂತೀನಿ. ಎಲ್ಲಾ ಸಲ ಆಗಲ್ಲ, ಸಿಡುಕೇ ಮೊದಲು ಬರೋ ದಿನಗಳು ತುಂಬಾ ಇವೆ. ಆದ್ರೆ ಹೇಳೋಕಾದ ದಿನ ಏನೋ ಒಂಥರಾ ಜಾಗ ಆಗತ್ತೆ ಒಳಗೆ. ಹೋದ ವಾರ ಒಬ್ಬ ಅಜ್ಜಿ ತಪ್ಪಿ ನನ್ನ ನಂಬರಿಗೆ ಮೂರು ಸಲ ಫೋನ್ ಮಾಡಿದ್ರು, ಮಗಳಿಗೆ ಅಂತ. ಮೂರನೇ ಸಲ ನಾನೇ ಕೇಳ್ದೆ, ಅಮ್ಮಾ ನಂಬರ್ ಬರ್ಕೊಂಡಿದೀರಾ, ಒಂದೊಂದೇ ಅಂಕಿ ಓದಿ ಅಂತ. ಓದಿದ್ರು, ಕೊನೇ ಅಂಕಿ ಏಳೋ ಒಂದೋ ಅಂತ ಅವರಿಗೆ ಕಾಣ್ತಿರ್ಲಿಲ್ಲ. ಏಳು ಒತ್ತಿ ನೋಡಿ ಅಂದೆ. ಮತ್ತೆ ಫೋನ್ ಬರ್ಲಿಲ್ಲ, ಸಿಕ್ಕಿರ್ಬೇಕು.

ಮತ್ತಾಯ 25ರಲ್ಲಿ ನಾನು ಪರದೇಶಿಯಾಗಿದ್ದೆ, ನೀವು ನನ್ನನ್ನ ಸೇರಿಸ್ಕೊಂಡ್ರಿ ಅಂತ ಅರಸನು ಹೇಳಿದಾಗ ನೀತಿವಂತರಿಗೆ ಆಶ್ಚರ್ಯ ಆಗತ್ತೆ, ಕರ್ತನೇ ನಾವು ಯಾವಾಗ ನಿನ್ನನ್ನ ನೋಡಿದ್ವಿ ಅಂತಾರೆ. ಅವರಿಗೆ ಗೊತ್ತೇ ಇರ್ಲಿಲ್ಲ. ನೆಲದ ಮೇಲೆ ಮಲಗಿದ್ದ ಆ ಹೆಂಗಸಿನ ನಂಬಿಕೆ ಏನು ಅಂತ ನನಗೆ ಗೊತ್ತಿಲ್ಲ, ಕೇಳ್ಲಿಲ್ಲ. ಬೆಳಿಗ್ಗೆ ಮುಖ ತೊಳೆಯೋಕೆ ಹೋಗುವಾಗ ನನ್ನ ಹತ್ರ ನಿಂತು, ರಾತ್ರಿಯೆಲ್ಲಾ ಕೂತೇ ಇದ್ರಲ್ಲ ತಮ್ಮಾ, ಅಲ್ಲಿ ನನ್ನ ಬೆಡ್‌ಶೀಟ್ ಇದೆ ಸ್ವಲ್ಪ ಹೊತ್ತು ಮಲಗಿ, ಡಾಕ್ಟರ್ ಕರೆದ್ರೆ ನಾನು ಎಬ್ಬಿಸ್ತೀನಿ ಅಂದ್ರು. ನಾನು ಮಲಗ್ದೆ. ಮೂರು ದಿನದಲ್ಲಿ ಮೊದಲನೇ ಸಲ ನಿದ್ದೆ ಬಂತು.

ಪ್ರಾರ್ಥನೆಗೆ ಅಂತ ಹೆಸರು ಬರೆದಿಡೋ ಒಂದು ಚಿಕ್ಕ ನೋಟ್‌ಬುಕ್ ಇದೆ ನನ್ನ ಹತ್ರ. ಅದ್ರಲ್ಲಿ ಮನೆಯವರು, ಸಭೆಯವರು, ಸ್ನೇಹಿತರು ಎಲ್ಲರ ಹೆಸರಿನ ಕೆಳಗೆ ಹೆಸರು ಗೊತ್ತಿಲ್ಲದ ಇಬ್ಬರು ಸೇರಿದಾರೆ. ಚಾರ್ಜರ್ ಕೇಳಿದವರು ಅಂತ ಒಂದು ಸಾಲು, ಬೆಡ್‌ಶೀಟ್ ಅಕ್ಕ ಅಂತ ಇನ್ನೊಂದು. ಅವರ ಮನೆಯವರು ಒಳಗಿಂದ ಹುಷಾರಾಗಿ ಬಂದ್ರೋ ಏನೋ ಗೊತ್ತಿಲ್ಲ. ದಿನಾ ರಾತ್ರಿ ಆ ಎರಡು ಸಾಲು ಬಂದಾಗ ಸ್ವಲ್ಪ ನಿಲ್ತೀನಿ, ಆವಾಗ ಕಣ್ಣು ಮುಚ್ಚಲ್ಲ.