ಆಶೀರ್ವಾದ ತಗೊಂಡು ಏನು ಸಿಕ್ತು ಅಂತ ಕೇಳುವವರಿಗೆ

ಭಾನುವಾರ ಚರ್ಚಿನಲ್ಲಿ ಕೊನೆಯ ಆಶೀರ್ವಾದ ಆಗುವವರೆಗೆ ನಾನು ಏಳುವುದಿಲ್ಲ. ಇದು ಗೊತ್ತಾದವರೆಲ್ಲ ಕೇಳುವುದು ಒಂದೇ: "ಅದನ್ನ ತಗೊಂಡು ನಿಂಗೇನು ಸಿಕ್ತು?" ತಗೊಂಡು ಅಂತೆ! ರೇಷನ್ ಅಂಗಡಿ ಮುಂದೆ ಚೀಲ ಹಿಡಿದು ನಿಂತಿದ್ದೆನಾ?

ಏನೂ ಸಿಕ್ಕಿಲ್ಲ. ಸಾಲ ಹಾಗೇ ಇದೆ, ಮಂಡಿ ನೋವು ಹಾಗೇ ಇದೆ, ಬಳ್ಳಾರಿ ಬಿಸಿಲೂ ಹಾಗೇ ಇದೆ. ಸಾಕಾ?

ಆ ಆಶೀರ್ವಾದದ ಮಾತುಗಳು ಬೈಬಲಿನ ಅರಣ್ಯಕಾಂಡದ 6ನೇ ಅಧ್ಯಾಯದಲ್ಲಿವೆ, 24ರಿಂದ 26ನೇ ವಚನ. ಯಾಜಕ ಆರೋನ ಮತ್ತು ಅವನ ಮಕ್ಕಳು ಜನರನ್ನು ಹೀಗೆ ಹರಸಬೇಕು ಅಂತ ದೇವರು ಅವನ ತಮ್ಮ, ಪ್ರವಾದಿ ಮೋಶೆಗೆ ಹೇಳಿಕೊಟ್ಟದ್ದು. ದೇವರು ನಿನ್ನನ್ನು ಹರಸಿ ಕಾಯಲಿ, ಬೆಳಗುವ ಮುಖದಿಂದ ನೋಡಿ ದಯೆ ತೋರಲಿ, ನಿನ್ನ ಕಡೆ ಮುಖ ಎತ್ತಿ ಶಾಂತಿ ಕೊಡಲಿ. ಅಷ್ಟೇ. ಮೂಲ ಹೀಬ್ರೂವಿನಲ್ಲಿ ಬರೀ 15 ಪದ, ಮೊದಲ ಸಾಲಿಗೆ 3, ಆಮೇಲೆ 5, ಆಮೇಲೆ 7. ಒಂದು ನಿಮಿಷವೂ ಹಿಡಿಯುವುದಿಲ್ಲ, ಆದರೂ ಅಷ್ಟೊತ್ತಿಗೆ ಅರ್ಧ ಜನ ಹೊರಗೆ ಬೈಕ್ ಸ್ಟಾರ್ಟ್ ಮಾಡಿರುತ್ತಾರೆ.

"ಅಂದ್ರೆ ನಿಮ್ಮ ತಾಯತ ಅನ್ನು" ಅಂದರು ಪಕ್ಕದ ಮನೆ ಅಜ್ಜಿ. ನನಗೆ ಸಿಟ್ಟು ಬಂತು. ಆಮೇಲೆ ಓದಿದರೆ ಅಜ್ಜಿಯದೇ ಸರಿ! 1979ರಲ್ಲಿ ಜೆರುಸಲೇಮಿನ ಒಂದು ಹಳೇ ಸಮಾಧಿಯಲ್ಲಿ ಸುರುಳಿ ಸುತ್ತಿದ ಎರಡು ಪುಟ್ಟ ಬೆಳ್ಳಿ ತಗಡು ಸಿಕ್ಕವು. ಸುಮಾರು 2600 ವರ್ಷ ಹಳೆಯವು. ಬಿಡಿಸಿ ನೋಡಿದರೆ ಇದೇ ಆಶೀರ್ವಾದದ ಮಾತುಗಳು. ಮೈಮೇಲೆ ಕಟ್ಟಿಕೊಳ್ಳುತ್ತಿದ್ದರು ಅನ್ನುತ್ತಾರೆ ತಿಳಿದವರು. ಅಜ್ಜಿಗೆ ಇದನ್ನು ಇನ್ನೂ ಹೇಳಿಲ್ಲ, ಹೇಳಿದರೆ ನನ್ನನ್ನು ಬಿಡುವುದಿಲ್ಲ.

ಯಾರಾದರೂ ಕೇಳಬೇಕಿದ್ದ ಪ್ರಶ್ನೆಯೇ ಬೇರೆ. ರಾತ್ರಿಯೆಲ್ಲ ಹತ್ತಿ ಮಿಲ್ಲಿನ ಗೇಟು ಕಾದ ನಿಮ್ಮಪ್ಪ ಬೆಳಿಗ್ಗೆ ಮನೆಗೆ ಹೋಗಿ ಮಲಗುವುದು ಬಿಟ್ಟು ಚರ್ಚಿಗೆ ಯಾಕೆ ಬರುತ್ತಿದ್ದರು?

ತಲೆಯಲ್ಲಿ ಹತ್ತಿ ಎಳೆ ಇಟ್ಟುಕೊಂಡೇ ಬರುತ್ತಿದ್ದರು. ಪಾದ್ರಿ ಅಯ್ಯನೋರ ಉಪದೇಶ ಶುರುವಾದರೆ ನಿದ್ದೆ, ಮುಗಿದರೆ ಎಚ್ಚರ. ನನಗಾಗ 12 ವರ್ಷ. ಒಂದು ಭಾನುವಾರ ಗೊರಕೆ ಹೊಡೆದರು, ಹುಡುಗರು ನಕ್ಕರು, ನಾನು ನಾಚಿಕೆಗೆ ಅಪ್ಪನ ಕೈ ಹಿಡಿದು ಕೊನೆಯ ಹಾಡಿಗೇ ಹೊರಗೆ ಎಳೆದುಕೊಂಡು ಬಂದೆ. ಗೇಟಿನವರೆಗೆ ಬಂದವರು ನಿಂತುಬಿಟ್ಟರು.

"ಊರ ಹತ್ತಿ ನಾ ಕಾಯ್ತೀನಿ. ನನ್ನ ಯಾರು ಕಾಯಬೇಕು?"

ವಾಪಸ್ ಹೋದರು. ಒಳಗೆ ಎಲ್ಲ ಮುಗಿದಿತ್ತು, ಅಯ್ಯನೋರು ಬಾಗಿಲಿಗೆ ಬೀಗ ಹಾಕುತ್ತಿದ್ದರು. ಅಪ್ಪ ಏನು ಹೇಳಿದರೋ ಕೇಳಿಸಲಿಲ್ಲ. ಬೀಗದ ಕೈ ಜೇಬಿಗೆ ಹಾಕಿಕೊಂಡು ಅಯ್ಯನೋರು ಮೆಟ್ಟಿಲ ಮೇಲೇ ಎರಡೂ ಕೈ ಎತ್ತಿದರು, ಆ ಬಿಸಿಲಿನಲ್ಲಿ, ಒಬ್ಬನೇ ಮನುಷ್ಯನಿಗೆ. ಹೀಬ್ರೂವಿನಲ್ಲಿ ಆ ಆಶೀರ್ವಾದದಲ್ಲಿರುವುದು ನಿಮ್ಮನ್ನು ಅಲ್ಲ, ನಿನ್ನನ್ನು, ಏಕವಚನ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ.

ನಾನು ಬೇವಿನ ಮರದ ಕೆಳಗೆ ಸೈಕಲ್ ಹಿಡಿದುಕೊಂಡು ಮುಖ ಊದಿಸಿ ನಿಂತಿದ್ದೆ. ಅಪ್ಪ ಬಂದು ಟವೆಲ್ ಹೆಗಲಿಗೆ ಹಾಕಿಕೊಂಡು, "ವಗ್ಗಾಣಿ ಮಿರ್ಚಿ ತಿಂತೀಯೇನು?" ಅಂದರು.