ನಮ್ಮ ಕಲ್ಯಾಣಪ್ಪ ಸರ್

ಕೈಲ್ ಮುಹೂರ್ತದ ಹಿಂದಿನ ವಾರ ನಮ್ಮ ಇತಿಹಾಸದ ಸರ್ ತೀರಿಕೊಂಡರು. ವಯಸ್ಸಾಗಿತ್ತು, ಬಹಳ ದಿನದಿಂದ ಹಾಸಿಗೆ ಹಿಡಿದಿದ್ದರು. ಆದರೂ ಸುದ್ದಿ ಕೇಳಿ ಮನೆಯ ಹಿರಿಯರೊಬ್ಬರು ಹೋದಷ್ಟೇ ಸಂಕಟವಾಯಿತು. 1837ರಲ್ಲಿ ರೈತರು ಬ್ರಿಟಿಷರ ವಿರುದ್ಧ ಎದ್ದ ದಂಗೆಯ, ಅಂದರೆ ಕಲ್ಯಾಣಪ್ಪನ ಕಾಟಕಾಯಿಯ, ಕಥೆ ಹೇಳದೆ ಅವರು ಒಂದು ವರ್ಷವನ್ನೂ ಮುಗಿಸಿದವರಲ್ಲ. ಹಾಗಾಗಿ ಹುಡುಗರ ಬಾಯಲ್ಲಿ ಅವರು ‘ಕಲ್ಯಾಣಪ್ಪ ಸರ್’. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಇತ್ತು.

ಬಿ.ಎ.ಯಲ್ಲಿ ಓದಿದ ಪಠ್ಯದಲ್ಲಿ ಈಗ ತಲೆಯಲ್ಲಿ ಉಳಿದದ್ದು ಕಡಿಮೆ. ಉಳಿದದ್ದು ಜುಲೈ ತಿಂಗಳ ಒಂದು ಕ್ಲಾಸು. ಶೀಟಿನ ಮಾಡಿನ ಮೇಲೆ ಮಡಿಕೇರಿ ಮಳೆ ಸುರಿದರೆ ಮೂರನೇ ಬೆಂಚಿಗೂ ಮಾತು ಕೇಳಿಸುತ್ತಿರಲಿಲ್ಲ. ಸರ್ ಸುಮ್ಮನೆ ನಿಲ್ಲುತ್ತಿದ್ದರು. ಮಳೆ ಇಳಿದೊಡನೆ, ಬಿಟ್ಟ ವಾಕ್ಯದ ಮುಂದಿನ ಪದದಿಂದಲೇ ಶುರು. ಆ ದಿನ ಮಳೆ ಬಿಡಲೇ ಇಲ್ಲ. ಹಲಗೆಯ ಮೇಲೆ ಫ್ರೆಂಚ್ ಕ್ರಾಂತಿಯ ಮುಂದಾಳುಗಳ ಹೆಸರನ್ನು ಒಂದರ ಕೆಳಗೊಂದು ಬರೆದರು: ಜಿರೊಂದಿನರು, ಹೆಬೆರ್, ದಾಂತೋನ್, ರೋಬೆಸ್ಪಿಯರ್. ಎದುರಿಗೆ ಅವರವರ ತಲೆ ಹೋದ ತಿಂಗಳು: 1793ರ ಅಕ್ಟೋಬರ್, ಆಮೇಲೆ 1794ರ ಮಾರ್ಚ್, ಏಪ್ರಿಲ್, ಜುಲೈ. ಡಸ್ಟರ್ ತೆಗೆದುಕೊಂಡು ಮೇಲಿನಿಂದ ಒಂದೊಂದೇ ಹೆಸರು ಒರೆಸುತ್ತಾ ಬಂದರು. ಪ್ರತಿ ಹೆಸರಿಗೂ ತಿರುಗಿ ನಮ್ಮ ಮುಖ ನೋಡುವರು. ಕೊನೆಗೆ ಖಾಲಿ ಜಾಗದಲ್ಲಿ ದಪ್ಪ ಅಕ್ಷರದಲ್ಲಿ 1799, ನೆಪೋಲಿಯನ್. ಮಳೆ ತುಸು ತಗ್ಗಿದಾಗ ಹೇಳಿದ್ದು ಒಂದೇ ಮಾತು: “ಇವರ ತಲೆ ತೆಗೆಸಿದವರು ರಾಜನ ಕಡೆಯವರಲ್ಲ, ನೆನಪಿಟ್ಟುಕೊಳ್ಳಿ.” ಥಂಡಿ ಹಿಡಿದ ಹಲಗೆಯಲ್ಲಿ ಒರೆಸಿದ ಹೆಸರುಗಳ ಮಸುಕು ಬಿಳುಪು ಹಾಗೇ ಇತ್ತು. ಮುಂದಿನ ಪೀರಿಯಡ್ಡಿನ ಅರ್ಥಶಾಸ್ತ್ರದ ಲೆಕ್ಕಗಳು ಅದರ ಮೇಲೆಯೇ ಬಂದವು.

ಬಸ್ ಪಾಸಿನ ದರ ಏರಿಸಿದರೆಂದು ನಾವು ಸ್ಟ್ರೈಕ್ ಮಾಡಿದ್ದು ಅದೇ ವರ್ಷ. ಹನ್ನೊಂದು ಗಂಟೆಗೆ ಅಟೆಂಡರ್ ಕಾಫಿಗೆ ಹೋದ ಹೊತ್ತು ನೋಡಿ ನಾವೇ ಲಾಂಗ್ ಬೆಲ್ ಹೊಡೆದೆವು. ಇಡೀ ಕಾಲೇಜು ಹೊರಗೆ ಬಂತು. ಕೊಡೆ ಹಿಡಿದ ಅಷ್ಟು ದೊಡ್ಡ ಮೆರವಣಿಗೆಯನ್ನು ಮಡಿಕೇರಿ ಪೇಟೆ ಅದುವರೆಗೆ ಕಂಡಿರಲಿಲ್ಲವೆಂದು ನಾನು ಇಂದಿಗೂ ಹೇಳುತ್ತೇನೆ. ಗೇಟು ದಾಟುವಷ್ಟರಲ್ಲಿ ಮನವಿ ಪತ್ರ ಯಾರು ಕೊಡುವುದೆಂದು ಜಗಳ ಹತ್ತಿತು. ನಾಪೋಕ್ಲು ಕಡೆಯವರದು ಒಂದು ಗುಂಪು, ಸೋಮವಾರಪೇಟೆ ಕಡೆಯವರದು ಇನ್ನೊಂದು. ಎರಡು ಮೆರವಣಿಗೆ, ಎರಡು ಮನವಿ. ಎರಡನ್ನೂ ತೆಗೆದುಕೊಂಡ ಅಧಿಕಾರಿ, ನಿಮ್ಮಲ್ಲಿ ವಿದ್ಯಾರ್ಥಿಗಳ ಪ್ರತಿನಿಧಿ ಯಾರೆಂದು ತೀರ್ಮಾನವಾದ ಮೇಲೆ ಬನ್ನಿ ಎಂದು ಕಳಿಸಿಬಿಟ್ಟರು. ದರ ಇಳಿಯಲಿಲ್ಲ.

ಮರುದಿನ ಸರ್ ಬೈಯಲಿಲ್ಲ. ಪಾಠ ಅಲ್ಲಿಗೆ ಬಂದಿರದಿದ್ದರೂ 1907ರ ಸೂರತ್ ಕಾಂಗ್ರೆಸ್ಸನ್ನು ತೆಗೆದರು. ಅಧ್ಯಕ್ಷ ಪೀಠಕ್ಕೆ ರಾಸ್‌ಬಿಹಾರಿ ಘೋಷರನ್ನು ಕೂರಿಸುವುದಕ್ಕೆ ತಿಲಕರ ಕಡೆಯವರ ವಿರೋಧ. ಹಾರಿಬಂದ ಚಪ್ಪಲಿ ತಗುಲಿದ್ದು ಸುರೇಂದ್ರನಾಥ ಬ್ಯಾನರ್ಜಿ, ಫಿರೋಜ್ ಷಾ ಮೆಹ್ತಾರಿಗೆ. ಕಾಂಗ್ರೆಸ್ ಒಡೆಯಿತು. ಮರುವರ್ಷವೇ ಸರ್ಕಾರ ತಿಲಕರನ್ನು ಆರು ವರ್ಷ ಮಾಂಡಲೆ ಜೈಲಿಗೆ ಹಾಕಿತು. ಒಡೆದ ಮನೆ ಮತ್ತೆ ಕೂಡಲು 1916ರ ಲಖನೌವರೆಗೆ ಕಾಯಬೇಕಾಯಿತು. “ಬ್ರಿಟಿಷರು ಸೂರತ್ತಿನಲ್ಲಿ ಒಂದು ಕಲ್ಲನ್ನೂ ಎಸೆಯಲಿಲ್ಲ” ಎಂದು ಪುಸ್ತಕ ಮುಚ್ಚಿದರು. ನಮ್ಮ ಎರಡೂ ಗುಂಪು ತಲೆ ತಗ್ಗಿಸಿ ಕೂತಿತ್ತು.

ಕೊಡಗಿನ ಕಥೆಯನ್ನು ಅವರು ಕೋಟೆಯೊಳಗೆ, ಆ ಕಲ್ಲಾನೆಗಳ ಹತ್ತಿರ ನಿಂತೇ ಹೇಳಬೇಕು. ಹಾಲೇರಿ ಅರಮನೆಯ ಒಳಜಗಳದಿಂದ ಶುರು. ಚಿಕ್ಕವೀರರಾಜನ ತಂಗಿ ದೇವಮ್ಮಾಜಿ, ಗಂಡ ಚನ್ನಬಸವನ ಜತೆ 1832ರಲ್ಲಿ ಗಡಿ ದಾಟಿ ಬ್ರಿಟಿಷರ ಆಶ್ರಯ ಬೇಡಿದಳು. ಅವರನ್ನು ಒಪ್ಪಿಸೆಂದು ರಾಜ ಕೇಳಿದ, ಕಂಪನಿ ಒಪ್ಪಲಿಲ್ಲ. 1834ರ ಏಪ್ರಿಲಿನಲ್ಲಿ ಕೋಟೆ ಹೋಯಿತು. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆ ಬ್ರಿಟಿಷರ ಕೆನರಾ ಜಿಲ್ಲೆಗೆ ಹೋಯಿತು. ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಿ ಎಂದಾಗ ರೈತರು ಎದ್ದರು, ಅದೇ ಕಲ್ಯಾಣಪ್ಪನ ಕಾಟಕಾಯಿ. 1837ರ ಏಪ್ರಿಲಿನಲ್ಲಿ ಮಂಗಳೂರಿನ ಬಾವುಟಗುಡ್ಡದ ಮೇಲೆ ಅವರ ಬಾವುಟ ಹಾರಿತು. ಇತ್ತ ಮಡಿಕೇರಿಯ ಕಡೆ ಬಂದ ದಂಗೆಕೋರರ ದಂಡು ಚದುರಲು ನಮ್ಮವರೇ ದಿವಾನರು ಕಂಪನಿಗೆ ನೆರವಾದರು. ನೆರವಾದವರಿಗೆ ಚಿನ್ನದ, ಬೆಳ್ಳಿಯ ಪದಕ ಸಿಕ್ಕಿತು. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರಿಗೆ ಅಕ್ಟೋಬರ್ 31ರಂದು ಇದೇ ಕೋಟೆಯಲ್ಲಿ ಗಲ್ಲು.

ಇಲ್ಲಿಗೆ ಬಂದಾಗ ಹಿಂದಿನಿಂದ ಒಬ್ಬ ಯಾವುದೋ ಜಾತಿಯ ಹೆಸರೆತ್ತಿ “ದ್ರೋಹಿಗಳು” ಎಂದ. ಸರ್ ಅಷ್ಟು ಸಿಟ್ಟಾದದ್ದನ್ನು ನಾನು ಕಂಡದ್ದು ಆಗ ಮಾತ್ರ. “ಆ ಜಗಳವನ್ನು ಇವತ್ತು ನೀನು ಮುಂದುವರಿಸಿದರೆ ಕಂಪನಿಯ ಕೆಲಸ ಇನ್ನೂ ನಡೆಯುತ್ತಿದೆ ಅಂತ ಅರ್ಥ” ಎಂದು ಅವನನ್ನು ತಮ್ಮ ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡರು. ಇಂದು ಊರೂರಲ್ಲಿ ಬೇಳೆ ಬೇಯಿಸಿಕೊಳ್ಳುವವರನ್ನು ನೋಡುವಾಗ ಆ ಮಾತು ಎಷ್ಟು ಸಲ ನೆನಪಾಗಿದೆಯೋ!

ರಾಜ್ಯಶಾಸ್ತ್ರದ ಮೇಡಂ ಮಾತ್ರ ಸರ್ ಜತೆ ಸ್ಟಾಫ್ ರೂಮಿನಲ್ಲಿ ವಾದಕ್ಕಿಳಿಯುತ್ತಿದ್ದರು. ಎಲ್ಲರೂ ಒಂದೇ ಮಾತಾಡಬೇಕೆಂದರೆ ಅದೂ ರೋಬೆಸ್ಪಿಯರನ ದಾರಿಯೇ ಅಲ್ಲವೇ ಎಂಬುದು ಅವರ ಪ್ರಶ್ನೆ. ಅವರು ಎತ್ತುತ್ತಿದ್ದ ಉದಾಹರಣೆ ಇಲ್ಲಿಯದೇ: ಸ್ವಾತಂತ್ರ್ಯಕ್ಕಾಗಿ ಜೈಲು ಕಂಡ ಸಿ.ಎಂ. ಪೂಣಚ್ಚ, ಪಂದ್ಯಂಡ ಬೆಳ್ಯಪ್ಪ ಇಬ್ಬರೂ ಕೊಡಗು ಮೈಸೂರಿನಲ್ಲಿ ವಿಲೀನವಾಗಬೇಕೇ ಎಂಬ ಪ್ರಶ್ನೆಯಲ್ಲಿ ಎದುರುಬದುರಾದರು. ಆಗ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗಿನ 1952ರ ಚುನಾವಣೆಯಲ್ಲಿ 24 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 15 ಬಂತು. ಉಳಿದವರು ಸಭೆಯೊಳಗೇ ಕೂತು ವಾದಿಸಿದರು. 1956ರಲ್ಲಿ ಕೊಡಗು ಮೈಸೂರು ರಾಜ್ಯ ಸೇರಿತು, ಯಾರ ತಲೆಯೂ ಉರುಳಲಿಲ್ಲ. ಸರ್ ಅದನ್ನು ಒಪ್ಪಿದರು. ಎದುರಾಳಿಗೂ ಕುರ್ಚಿ ಇರುವ ಕಡೆ ಮಾಡುವ ಜಗಳ ದೇಶವನ್ನು ಮುರಿಯದು ಎಂದು ಮರುವರ್ಷದಿಂದ ಪಾಠದಲ್ಲೂ ಹೇಳತೊಡಗಿದರಂತೆ.

ಈಗಿನ ಮಕ್ಕಳಿಗೆ ಸ್ಮಾರ್ಟ್ ಬೋರ್ಡ್ ಇದೆ, ಮೊಬೈಲಿಗೆ ನೋಟ್ಸ್ ಬರುತ್ತದೆ. ನನ್ನ ಮೊಮ್ಮಗಳು 1837 ಎಂದರೆ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದಕ್ಕೆ ಥಟ್ಟನೆ ಗುರುತು ಹಾಕುತ್ತಾಳೆ. ಯಾಕೆ ಸೋತರು ಎಂದು ಕೇಳಿದರೆ ಅದು ಪರೀಕ್ಷೆಗೆ ಇಲ್ಲ ತಾತ ಅನ್ನುತ್ತಾಳೆ. ತಪ್ಪು ಅವಳದಲ್ಲ. ಕೋಟೆಗೆ ಕರೆದೊಯ್ಯುವವರು ಬೇಕಲ್ಲ! ನಾನು ಬೆಳೆಗಾರರ ಸಂಘದ ಅಧ್ಯಕ್ಷನಾಗಿದ್ದಾಗ ಕಾಫಿ ಬೆಲೆ ನೆಲ ಕಚ್ಚಿ ಎರಡು ಬಣವಾಗುವ ಹಂತ ಬಂದಿತ್ತು. ಎದುರು ಬಣದವರಿಗೆ ಕಾರ್ಯದರ್ಶಿ ಸ್ಥಾನ ಕೊಟ್ಟು ಸಂಘವನ್ನು ಉಳಿಸಿದೆ. ಆ ಬುದ್ಧಿ ಬಂದದ್ದು ಸರ್ ಕ್ಲಾಸಿನಿಂದ, ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಸರ್ ಶ್ರದ್ಧಾಂಜಲಿ ಸಭೆಯನ್ನು ಹಳೆ ವಿದ್ಯಾರ್ಥಿಗಳ ಎರಡು ಗುಂಪು ಬೇರೆ ಬೇರೆ ದಿನ ಇಟ್ಟುಕೊಂಡಿದ್ದವು. ಎರಡೂ ಕಡೆಗೆ ಫೋನ್ ಮಾಡಿ, ರಾತ್ರಿಯೆಲ್ಲ ಮಾತಾಡಿ, ಒಂದೇ ಸಭೆ ಎಂದು ಒಪ್ಪಿಸಿದ್ದೇನೆ. ಇತಿಹಾಸದಲ್ಲಿ ಹೆಚ್ಚು ಅಂಕ ಪಡೆದವರಿಗೆ ಸರ್ ಹೆಸರಿನ ಬಹುಮಾನಕ್ಕೆ ಎರಡೂ ಗುಂಪಿನ ಹಣ ಒಂದೇ ಖಾತೆಗೆ ಬೀಳಲಿದೆ. ಅಧ್ಯಕ್ಷತೆ ರಾಜ್ಯಶಾಸ್ತ್ರದ ಮೇಡಂ ಅವರದು. ನಿವೃತ್ತರಾಗಿ ಮೈಸೂರಿನಲ್ಲಿರುವ ಅವರು ಬರಲು ಒಪ್ಪಿದ್ದಾರೆ. ಒಂದೇ ಷರತ್ತು: ಸರ್ ಹೇಳಿದ್ದರಲ್ಲಿ ತಾವು ಇಂದಿಗೂ ಒಪ್ಪದ್ದನ್ನೂ ಅಲ್ಲಿ ಹೇಳಲು ಬಿಡಬೇಕು ಎಂದಿದ್ದಾರೆ.