ಎರಡು ಲೋಟ

ಇವತ್ತು ಬೆಳಿಗ್ಗೆ ಸೋಮವಾರಪೇಟೆ ಮನೆಯ ಜಗಲಿಯಲ್ಲಿ ನಾವಿಬ್ಬರೂ ಒಟ್ಟಿಗೆ ಕೂತು ಕಾಫಿ ಕುಡಿದೆವು.

ಇದರಲ್ಲೇನು ವಿಶೇಷ ಅನ್ನಬೇಡಿ. ದುಬೈಯಲ್ಲಿ ನನಗೆ ಆಸ್ಪತ್ರೆಯಲ್ಲಿ ಜಾಸ್ತಿ ನೈಟ್ ಡ್ಯೂಟಿ, ಇವರಿಗೆ ಹಗಲು ಕೆಲಸ. ನಾನು ಬಂದು ಬಾಗಿಲು ತೆಗೆಯುವಷ್ಟರಲ್ಲಿ ಇವರು ಹೊರಟಿರುತ್ತಾರೆ. ಸಿಂಕ್ ಪಕ್ಕ ಇವರ ಕಾಫಿ ಲೋಟ ತೊಳೆದು ಬೋರಲು ಹಾಕಿರುತ್ತದೆ. ಸುಮ್ನೆ ಮುಟ್ಟಿ ನೋಡುತ್ತೇನೆ. ಒದ್ದೆ ಇದ್ದರೆ, ಈಗಷ್ಟೇ ಹೋದರು. ಒಣಗಿದ್ದರೆ, ನನ್ನ ಬಸ್ಸು ತಡವಾಯಿತು. ಎಷ್ಟೋ ದಿನ ನಮ್ಮ ಭೇಟಿ ಅಂದರೆ ಆ ಲೋಟ ಅಷ್ಟೇ.

2022ರಲ್ಲಿ ಅಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾಯಿತು. ಊರಿನ ಭಾನುವಾರವೂ ನಮ್ಮದೂ ಒಂದೇ ಆಯಿತು ಅಂತ ಎಷ್ಟು ಖುಷಿಪಟ್ಟಿದ್ದೆವು! ಆದರೆ ವಾರ್ಡಿಗೆ ಭಾನುವಾರ ಇರಲ್ಲ ಅಲ್ವಾ.

ಈ ಸಲ ನಾವು ಬರುವ ಹೊತ್ತಿಗೆ ಸರಿಯಾಗಿ ಕಾಫಿ ಮೊಗ್ಗು ಬಿರಿಸುವ ಹೂಮಳೆ ಬಿದ್ದು ರೊಬಸ್ಟಾ ಕಾಫಿ ಅರಳಿದೆ. ಗಿಡದ ರೆಂಬೆ ರೆಂಬೆಯೂ ಬಿಳಿ. ಮಲ್ಲಿಗೆಯಂಥದ್ದೇ ಘಮ, ಜಗಲಿವರೆಗೂ ಬರುತ್ತದೆ. ಮೂರ್ನಾಲ್ಕು ದಿನ ಕಳೆದರೆ ಹೂ ಕಂದಿಬಿಡುತ್ತದೆ. ಇವರು ಫೋನ್ ಒಳಗೇ ಇಟ್ಟು ಬಂದು ಕೂತಿದ್ದರು. ಇಬ್ಬರೂ ಮಾತಾಡಲಿಲ್ಲ. ಮಾತಾಡಬೇಕು ಅಂತ ಅನಿಸಲೂ ಇಲ್ಲ.

ಅತ್ತೆ ಬಂದು ಖಾಲಿ ಲೋಟ ಎತ್ತಿಕೊಳ್ಳಲು ಬಗ್ಗಿದರು.

"ಇರಲಿ ಅತ್ತೆ, ನಾನೇ ತೊಳೀತೀನಿ" ಅಂದೆ.

ಎರಡನ್ನೂ ತೊಳೆದು, ಪಕ್ಕಪಕ್ಕದಲ್ಲಿ ಬೋರಲು ಹಾಕಿದೆ. ಎರಡೂ ಒದ್ದೆ.

ರಜೆ ಇನ್ನೂ ಒಂಬತ್ತು ದಿನ ಇದೆ.